ರಕ್ತದ ಸಾಕ್ಷ್ಯ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಮ್ಮ ತೋಟದಲ್ಲಿ ಕೆಲಸ ಮಾಡಿಸುತ್ತಿದ್ದಾಗ ಒಂದೇ ಒಂದು ಕಣಜ ಅವನ ಕುತ್ತಿಗೆಗೆ ಕಚ್ಚಿತು. ಹುಳು ಕಚ್ಚುವುದು ತೋಟದವರಿಗೆ ಹೊಸದಲ್ಲ. ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಮರಳುವುದು ವಾಡಿಕೆ. ಆದರೆ ಐದು ನಿಮಿಷ ಕಳೆಯುವುದರೊಳಗೆ ಅವನು ಬೆವತು, ಕಣ್ಣು ಕತ್ತಲಿಟ್ಟು, ನೆಲಕ್ಕೆ ಕುಸಿದ. ಮೈಮೇಲೆ ಒಂದು ದದ್ದಿಲ್ಲ, ತುರಿಕೆಯಿಲ್ಲ. ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿದಾಗ ನಾಡಿ ಕೈಗೆ ಸಿಗುವಂತಿರಲಿಲ್ಲ. ಅಡ್ರಿನಲಿನ್ ಚುಚ್ಚಿದ ಮೇಲೆ ಕಣ್ಣು ತೆರೆದ.

ನೆರೆದ ಬಂಧುಗಳಲ್ಲಿ ಕೆಲವರು ಹೆದರಿಕೆಯ ಮೂರ್ಛೆ ಎಂದರು. ಕೆಲವರು ಹೃದಯದ ದೌರ್ಬಲ್ಯ ಎಂದರು. ಅಲ್ಲಿದ್ದ ಕಿರಿಯ ವೈದ್ಯೆ ಮಾತ್ರ ಈ ಚರ್ಚೆಗೆ ಸೇರದೆ, “ಹುಳು ಕಚ್ಚಿ ಈಗ ಎಷ್ಟು ಹೊತ್ತಾಯಿತು?” ಎಂದು ಕೇಳಿದರು. ಒಂದೂವರೆ ಗಂಟೆಯಾಗಿರಬಹುದು ಎಂದೆ. “ಹಾಗಾದರೆ ಹೊತ್ತು ಮೀರಿಲ್ಲ” ಎಂದು ಸಣ್ಣ ನಳಿಕೆಯೊಂದರಲ್ಲಿ ರಕ್ತ ತೆಗೆದಿಟ್ಟರು. ರಕ್ತಕ್ಕೂ ಗಡಿಯಾರಕ್ಕೂ ಏನು ಸಂಬಂಧವೆಂಬುದು ನನಗೆ ಅಂದು ಹೊಳೆಯಲಿಲ್ಲ. ಅನಂತರ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

1878ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಪಾಲ್ ಎರ್ಲಿಕ್ ಎಂಬ ತರುಣ ತನ್ನ ಪ್ರಬಂಧವನ್ನು ಒಪ್ಪಿಸಿದ. ಆಗ ಹೊಸದಾಗಿ ಬಂದಿದ್ದ ಅನಿಲಿನ್ ಬಣ್ಣಗಳಿಂದ ದೇಹದ ಅಂಗಾಂಶಗಳಿಗೆ ಬಣ್ಣ ಕೊಡುವುದು ಅವನ ವಿಷಯ. ಕೆಲವು ಜೀವಕೋಶಗಳು ಆ ಬಣ್ಣವನ್ನು ಹೀರಿಕೊಂಡು, ಅದರ ಛಾಯೆಯನ್ನೇ ಬದಲಿಸಿ ತೋರಿಸಿದವು. ಅವುಗಳ ಒಡಲ ತುಂಬ ಕಾಳುಗಳಂತಹ ಕಣಗಳು. ಇವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳಿರಬೇಕೆಂದು ಬಗೆದು, ಮೇಯಿಸಿ ಕೊಬ್ಬಿಸುವುದೆಂಬ ಅರ್ಥದ ಜರ್ಮನ್ ಮಾತಿನಿಂದ ಅವನು ಅವನ್ನು ಮಾಸ್ಟ್ ಕೋಶಗಳೆಂದು ಕರೆದ. ಹೆಸರು ಉಳಿಯಿತು, ಊಹೆ ಉಳಿಯಲಿಲ್ಲ. ಆ ಕಾಳುಗಳು ಆಹಾರವಲ್ಲ. ಅವುಗಳಲ್ಲಿ ಹಿಸ್ಟಮಿನ್ ಇದೆಯೆಂಬುದನ್ನು 1953ರಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿಕೊಟ್ಟರು. ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ, ರಕ್ತನಾಳಗಳ ಸುತ್ತ ಕಾವಲು ಕುಳಿತ ಈ ಕೋಶಗಳು ಒಮ್ಮೆಲೆ ಒಡಲು ಬಿಚ್ಚಿದರೆ ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡ ಕುಸಿಯುತ್ತದೆ. ನಮ್ಮ ಭಾಷೆಯಲ್ಲಿ ಕಚ್ಚುವ ಹುಳುವಿಗೂ ಕಾಳು ತುಂಬುವ ಉಗ್ರಾಣಕ್ಕೂ ಕಣಜವೆಂಬ ಒಂದೇ ಹೆಸರು. ತಮ್ಮನ ಮೈಯಲ್ಲಿ ಒಂದು ಕಣಜ ಇನ್ನೊಂದು ಕಣಜದ ಬಾಗಿಲು ತೆರೆದಿತ್ತು.

ಇದನ್ನು ರುಜುವಾತು ಮಾಡುವುದು ಹೇಗೆ? ಹಿಸ್ಟಮಿನ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಮನೆ ಲೂಟಿ ಮಾಡಿ ಪರಾರಿಯಾದ ಕಳ್ಳನಂತೆ. ಆದರೆ ಅದರ ಜೊತೆಗೆ ಹೊರಬರುವ ಟ್ರಿಪ್ಟೇಸ್ ಎಂಬ ಪ್ರೋಟೀನು ಅಷ್ಟು ಅವಸರದ್ದಲ್ಲ. ಮನುಷ್ಯನ ಶ್ವಾಸಕೋಶದ ಮಾಸ್ಟ್ ಕೋಶಗಳಿಂದ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ವಿವರವನ್ನು ಅಮೆರಿಕದ ಲಾರೆನ್ಸ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಅದನ್ನು ಅಳೆದು ರೋಗವನ್ನು ಗುರುತಿಸಬಹುದೆಂದು 1987ರಲ್ಲಿ ತೋರಿಸಿದರು. ಆಘಾತವಾದ ಒಂದೆರಡು ಗಂಟೆಗಳಲ್ಲಿ ಅದು ಶಿಖರ ಮುಟ್ಟುತ್ತದೆ. ಆಮೇಲೆ ಸುಮಾರು ಎರಡೆರಡು ಗಂಟೆಗೆ ಅರ್ಧರ್ಧ ಇಳಿಯುತ್ತದೆ. ಮರುದಿನ ಕೇಳಿದರೆ ಸಾಕ್ಷಿ ಹೊರಟುಹೋಗಿರುತ್ತದೆ. ವೈದ್ಯೆ ಗಡಿಯಾರ ಕೇಳಿದ್ದು ಇದಕ್ಕಾಗಿ.

ತಮ್ಮನ ರಕ್ತದಲ್ಲಿ ಅಂದು ಮಿಲಿಲೀಟರಿಗೆ 38 ನ್ಯಾನೋಗ್ರಾಂ ಟ್ರಿಪ್ಟೇಸ್ ಇತ್ತು. ಎರಡು ವಾರ ಬಿಟ್ಟು, ಅವನು ಸಂಪೂರ್ಣ ಸ್ವಸ್ಥನಾಗಿದ್ದಾಗ ಮತ್ತೆ ಅಳೆದರು, 24. ಇಲ್ಲಿ ಒಂದು ಸರಳ ಲೆಕ್ಕವಿದೆ. ಸ್ವಸ್ಥಕಾಲದ ಅಂಕಿಗೆ ಅದರ ಐದನೆಯ ಒಂದು ಭಾಗವನ್ನೂ, ಮೇಲೆ ಎರಡನ್ನೂ ಕೂಡಿಸಬೇಕು. ಆಘಾತಕಾಲದ ಅಂಕಿ ಆ ಮೊತ್ತವನ್ನು ಮುಟ್ಟಿದರೆ ಅಥವಾ ಮೀರಿದರೆ ಮಾಸ್ಟ್ ಕೋಶಗಳು ಸಿಡಿದಿವೆಯೆಂದು ತಿಳಿಯಬಹುದು. ಇವನಿಗೆ ಆ ಮೊತ್ತ 31ರ ಒಳಗೇ. ಹೆದರಿಕೆಯ ಮೂರ್ಛೆಯಲ್ಲವೆಂಬುದು ಹೀಗೆ ಸ್ಥಿರಪಟ್ಟಿತು.

ಆದರೆ ವೈದ್ಯೆಯನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಎರಡನೆಯ ಅಂಕಿ. ಸ್ವಸ್ಥನಾಗಿರುವಾಗಲೇ 20ನ್ನು ಮೀರಿದರೆ ದೇಹದಲ್ಲಿ ಮಾಸ್ಟ್ ಕೋಶಗಳೇ ಅತಿಯಾಗಿ ಬೆಳೆದಿರುವ ಮಾಸ್ಟೋಸೈಟೋಸಿಸ್ ಎಂಬ ವಿರಳ ರೋಗದ ಶಂಕೆ ಏಳುತ್ತದೆ. ಶಂಕೆ ಮಾತ್ರ, ತೀರ್ಪಲ್ಲ. ಮೂತ್ರಪಿಂಡ ಸೋತವರಲ್ಲಿ ಈ ಅಂಕಿ ಏರಬಹುದು. ಟ್ರಿಪ್ಟೇಸಿನ ಒಂದು ಜೀನು ಹುಟ್ಟಿನಿಂದಲೇ ಹೆಚ್ಚು ಪ್ರತಿಗಳಲ್ಲಿರುವ ವಂಶಗಳೂ ಉಂಟು. ಇದು ಬೆಳಕಿಗೆ ಬಂದದ್ದು 2016ರಲ್ಲಿ. ಇತ್ತ ಅಂಕಿ ಏರದೆಯೂ ರೋಗವಿರಬಹುದು. ಆಹಾರದಿಂದಾದ ಆಘಾತದಲ್ಲಿ ಟ್ರಿಪ್ಟೇಸ್ ಅನೇಕವೇಳೆ ಸುಮ್ಮನಿರುತ್ತದೆ. ಆದ್ದರಿಂದ ಕೊನೆಯ ಮಾತನ್ನು ಅಸ್ಥಿಮಜ್ಜೆಯಿಂದ ಕೇಳಬೇಕಾಯಿತು. ಅಲ್ಲಿ ಮಾಸ್ಟ್ ಕೋಶಗಳ ಗುಂಪುಗಳು ಕಂಡವು. ಈ ರೋಗದಲ್ಲಿ ಸಾಮಾನ್ಯವಾಗಿ ಕಾಣುವ ಕಿಟ್ ಎಂಬ ಜೀನಿನ ದೋಷವೂ ಸಿಕ್ಕಿತು. ದದ್ದಿಲ್ಲದೆ ನೇರವಾಗಿ ಕುಸಿದು ಬೀಳುವುದು ಇಂಥವರಲ್ಲಿ ಕಾಣುವ ಲಕ್ಷಣವೇ ಅಂತೆ.

ತಮ್ಮನದು ನಿಧಾನಗತಿಯ ಬಗೆ. ಆಯುಸ್ಸನ್ನು ಹೆಚ್ಚಾಗಿ ಕುಗ್ಗಿಸುವಂಥದಲ್ಲ. ಅವನಿಗೆ ಅಪಾಯವಿರುವುದು ಇನ್ನೊಂದು ಕಣಜದಿಂದ. ಈಗ ಅವನು ತೋಟಕ್ಕೆ ಹೋಗುವಾಗ ಅಡ್ರಿನಲಿನ್ ಜೊತೆಗಿರುತ್ತದೆ. ಅದನ್ನು ಚುಚ್ಚುವುದನ್ನು ಮನೆಯವರೆಲ್ಲ ಕಲಿತಿದ್ದೇವೆ.

ಅಂದು ಮೂರ್ಛೆಯೆಂದು ಸಮಾಧಾನಪಟ್ಟು ಮನೆಗೆ ಕರೆತಂದಿದ್ದರೆ, ಮುಂದಿನ ಹುಳುವಿಗೆ ನಾವು ಸುಣ್ಣವನ್ನೇ ಹುಡುಕುತ್ತಿದ್ದೆವು. ಚಿಕಿತ್ಸೆಯೇ ಮೊದಲು, ರಕ್ತಪರೀಕ್ಷೆ ಆಮೇಲೆ, ಅದರಲ್ಲಿ ಸಂಶಯವಿಲ್ಲ. ಆದರೆ ಜೀವ ಉಳಿದ ಸಂತೋಷದಲ್ಲಿ ಆ ಒಂದೆರಡು ಗಂಟೆಗಳನ್ನು ಕಳೆದುಕೊಳ್ಳಬಾರದು. ರಕ್ತ ಸಾಕ್ಷ್ಯ ಹೇಳುತ್ತದೆ, ಹೊತ್ತಿಗೆ ಸರಿಯಾಗಿ ಕೇಳುವವರಿದ್ದರೆ.