ಗಾಡಿ ಬದಲಿಸಿದರೆ ಸೊಂಟನೋವು ಹೋದೀತೇ?

ಅಂಕೋಲೆಯಿಂದ ಕಾರವಾರಕ್ಕೆ ದಿನಾಲೂ ಗಾಡಿಯಲ್ಲಿ ಹೋಗಿ ಬರುವ ಮಾಸ್ತರರೊಬ್ಬರು ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಐವತ್ತೆರಡು. ಹೋಗಿ ಬರುವ ದಾರಿ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರು. ಬಹಳ ವರ್ಷ ಬುಲೆಟ್ ಓಡಿಸಿದವರು. ಸೊಂಟ ಹಿಡಿಯುತ್ತದೆ, ಮೊಣಕಾಲು ನೋಯುತ್ತದೆ ಎಂದು ಎರಡು ವರ್ಷದ ಹಿಂದೆ ಅದನ್ನು ಮಾರಿ ಸ್ಕೂಟರ್ ಕೊಂಡಿದ್ದರು. ಮೊಣಕಾಲಿಗೇನೋ ಹಾಯೆನಿಸಿತು, ಸೊಂಟದ ನೋವು ಮಾತ್ರ ಮೊದಲಿಗಿಂತ ಹೆಚ್ಚಾಯಿತು. "ಡಾಕ್ಟ್ರೇ, ಈ ಸ್ಕೂಟರೂ ನನಗೆ ಆಗಿ ಬರಲಿಲ್ಲ. ಮತ್ತೆ ಬೇರೆ ಗಾಡಿ ತಗೊಳ್ಳೂದೇ ಚೊಲೋ ಏನು?" ಎಂಬುದು ಅವರ ಪ್ರಶ್ನೆ.

ಇದು ಅವರೊಬ್ಬರ ಪ್ರಶ್ನೆಯಲ್ಲ. ಕೈಗಾದ ಪಾಳಿ ಮುಗಿಸಿ ಬರುವವರು, ಮಾಜಾಳಿಯ ಗಡಿ ದಾಟಿ ಗೋವೆಗೆ ಕೆಲಸಕ್ಕೆ ಹೋಗುವ ಹುಡುಗರು, ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಮೊಪೆಡ್ಡಿನ ಮೇಲೆ ಹಳ್ಳಿ ಹಳ್ಳಿಗೆ ಮೀನು ಒಯ್ಯುವವರು, ಎಲ್ಲರಿಂದಲೂ ಈ ಮಾತನ್ನು ಕೇಳಿದ್ದೇನೆ. ಆದ್ದರಿಂದ ಈ ವಾರ ಇದನ್ನೇ ಎತ್ತಿಕೊಳ್ಳೋಣ.

ಏಕೆ ಬದಲಿಸುತ್ತಾರೆ?

ಒಂದು ಕಾಲಕ್ಕೆ ನಮ್ಮ ಜನರಿಗೆ ಆಯ್ಕೆಯೇ ಕಡಿಮೆ ಇತ್ತು. ಬುಲೆಟ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ, ಇಲ್ಲವೇ ಬಜಾಜ್ ಸ್ಕೂಟರು. ೧೯೮೫ರಲ್ಲಿ ಹೀರೊ ಹೋಂಡಾದ ಸಿ.ಡಿ. ೧೦೦ ಮತ್ತು ಯಮಹಾದ ಆರ್.ಎಕ್ಸ್. ೧೦೦ ಬಂದ ಮೇಲೆ ಹಗುರ ಗಾಡಿಗಳ ಕಾಲ ಶುರುವಾಯಿತು. ೧೯೯೬ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ೨೦೦೧ರ ಸುಮಾರಿಗೆ ಒಂದು ಕಡೆ ಪಲ್ಸರ್, ಇನ್ನೊಂದು ಕಡೆ ಗೇರಿಲ್ಲದ ಆಕ್ಟಿವಾ ಬಂದವು. ಇಂದು ಒಂದೇ ಅಂಗಡಿಯಲ್ಲಿ ನೆಟ್ಟಗೆ ಕೂರುವ, ಮುಂದಕ್ಕೆ ಬಾಗಿ ಕೂರುವ, ಕಾಲು ಚಾಚಿ ಕೂರುವ ಗಾಡಿಗಳೆಲ್ಲ ಸಾಲಾಗಿ ನಿಂತಿರುತ್ತವೆ.

ಇಪ್ಪತ್ತರ ಹುಡುಗ ಓಟಕ್ಕೂ ಚೆಂದಕ್ಕೂ ಮನಸೋಲುತ್ತಾನೆ. ಮದುವೆಯಾಗಿ ಮಗುವಾದ ಮೇಲೆ ಹಿಂದಿನ ಸೀಟು ಅಗಲವಾಗಿರಬೇಕು ಎನಿಸುತ್ತದೆ. ಮುಂದೆ ಹೆಂಡತಿಯೂ ಮಗಳೂ ಓಡಿಸುವಂಥ ಗಾಡಿ ಬೇಕಾಗುತ್ತದೆ. ನಲವತ್ತೈದು ದಾಟಿದ ಮೇಲೆ ನಿರ್ಧಾರ ಮಾಡುವುದು ಮನಸ್ಸಲ್ಲ, ಮೈ. ಸುಮಾರು ೧೯೦ ಕಿಲೊ ತೂಕದ ಗಾಡಿಯನ್ನು ಸ್ಟ್ಯಾಂಡಿಗೆ ಹಾಕುವಾಗ ಸೊಂಟ ಕಳಕ್ಕೆನ್ನುತ್ತದೆ, ಕಿಕ್ ಹೊಡೆಯುವಾಗ ಮೊಣಕಾಲು ಬೇಡವೆನ್ನುತ್ತದೆ. ಹೀಗೆ ಬದಲಿಸುವುದು ತಪ್ಪಲ್ಲ. ಯಾವ ನೋವಿಗೆ ಯಾವ ಗಾಡಿ ಎಂಬುದನ್ನು ತಿಳಿಯದೆ ಬದಲಿಸುವುದು ತಪ್ಪು.

ಬೆನ್ನಿಗೆ ಏನಾಗುತ್ತದೆ?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮೂಳೆಯ ಮಣಿಗಳ ಸಾಲು. ಎರಡು ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಇದನ್ನೇ ಡಿಸ್ಕ್ ಎನ್ನುತ್ತಾರೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಚೆಮ್ಸನ್ ೧೯೬೦ರ ದಶಕದಲ್ಲಿ ಈ ಬಿಲ್ಲೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಹೆಚ್ಚು, ಮುಂದಕ್ಕೆ ಬಾಗಿ ಕುಳಿತರೆ ಮತ್ತೂ ಹೆಚ್ಚು ಎಂದು ಅವರು ಕಂಡರು. ನಿಲ್ಲುವುದಕ್ಕೂ ನೆಟ್ಟಗೆ ಕೂರುವುದಕ್ಕೂ ನಡುವಿನ ಅಂತರ ಅಷ್ಟು ದೊಡ್ಡದಲ್ಲ ಎಂದು ಅನಂತರದ ಅಳತೆಗಳು ಹೇಳಿದರೂ, ಬಾಗಿದಾಗ ಒತ್ತಡ ಏರುವುದಂತೂ ನಿಜ.

ಇದಕ್ಕೆ ಗಾಡಿಯ ಕುಲುಕಾಟವನ್ನು ಸೇರಿಸಿ. ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಮೇಲೆ ಕೆಳಗೆ ಆಗುವ ಅಲುಗಾಟಕ್ಕೆ ಕುಳಿತವನ ಬೆನ್ನೆಲುಬು ತಾನೂ ತಾಳ ಹಾಕುತ್ತದೆ. ಪೆಟ್ಟು ಕಡಿಮೆಯಾಗುವ ಬದಲು ದೊಡ್ಡದಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಆಗುವುದು ಹೆಚ್ಚಾಗಿ ಇಂಥ ಅಲುಗಾಟವೇ. ಕಾರವಾರದಲ್ಲಿ ವರ್ಷಕ್ಕೆ ಮುನ್ನೂರು ಸೆಂಟಿಮೀಟರಿನಷ್ಟು ಮಳೆ ಬೀಳುತ್ತದೆ. ಹೆದ್ದಾರಿ ಅಗಲವಾದರೂ ಒಳರಸ್ತೆಗಳ ಹೊಂಡಗಳು ಮಳೆಗಾಲದಲ್ಲಿ ನೀರು ತುಂಬಿ ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಮಾತ್ರ ತಿಳಿಯುತ್ತವೆ.

ಕೂರುವ ರೀತಿ ನಾಲ್ಕು

ಮೊದಲನೆಯದು, ನೆಟ್ಟಗೆ ಕೂರುವ ಸಾಧಾರಣ ನೂರು, ನೂರಿಪ್ಪತ್ತೈದು ಸಿ.ಸಿ. ಬೈಕು. ಹ್ಯಾಂಡಲ್ ಕೈಗೆ ನಿಲುಕುತ್ತದೆ, ಪಾದಗಳು ಸೊಂಟದ ಕೆಳಗೇ ಇರುತ್ತವೆ. ಹೊಂಡ ಬಂದಾಗ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಬಹುದು. ಆಗ ಪೆಟ್ಟನ್ನು ತೊಡೆಯ ಸ್ನಾಯುಗಳು ತಿನ್ನುತ್ತವೆ, ಬೆನ್ನು ಉಳಿಯುತ್ತದೆ.

ಎರಡನೆಯದು, ಮುಂದಕ್ಕೆ ಬಾಗಿ ಓಡಿಸುವ ರೇಸಿನ ಮಾದರಿ. ಇದರಲ್ಲಿ ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ರಸ್ತೆ ನೋಡಲು ಕತ್ತನ್ನು ಹಿಂದಕ್ಕೆ ಎತ್ತಿ ಹಿಡಿಯಬೇಕು. ಅದರ ಮೇಲೆ ಹೆಲ್ಮೆಟ್ಟಿನ ಭಾರ. ಪಾದ ಇಡುವ ಜಾಗ ಹಿಂದೆ ಇರುವುದರಿಂದ ಮೊಣಕಾಲು ಬಹಳ ಮಡಚಿರುತ್ತದೆ. ಅರ್ಧ ತಾಸಿನ ಸವಾರಿಗೆ ತೊಂದರೆಯಿಲ್ಲ. ದಿನಾಲೂ ಎರಡು ತಾಸು ಓಡಿಸುವವನಿಗೆ ಕತ್ತು, ಕೈ ಮತ್ತು ಮೊಣಚಿಪ್ಪಿನ ನೋವು ಬರುವುದು ಸಹಜ.

ಮೂರನೆಯದು, ಕಾಲು ಮುಂದಕ್ಕೆ ಚಾಚಿ ಒರಗಿದಂತೆ ಕೂರುವ ಗಾಡಿ. ನೋಡಲು ಆರಾಮ. ಆದರೆ ಪಾದ ಮುಂದಿರುವುದರಿಂದ ಸೀಟಿನಿಂದ ಏಳಲಾಗುವುದಿಲ್ಲ. ಪ್ರತಿ ಹೊಂಡದ ಪೆಟ್ಟೂ ಬಾಲದ ಮೂಳೆಯಿಂದ ನೇರ ಸೊಂಟಕ್ಕೆ ಏರುತ್ತದೆ.

ನಾಲ್ಕನೆಯದು ಸ್ಕೂಟರು. ಕ್ಲಚ್ಚಿಲ್ಲ, ಗೇರಿಲ್ಲ, ಕಾಲೆತ್ತಿ ಹತ್ತಬೇಕಿಲ್ಲ. ಮೊಣಕಾಲು ಸವೆದವರಿಗೆ, ಹೆಬ್ಬೆರಳಿನ ಬುಡ ನೋಯುವವರಿಗೆ, ಸೀರೆ ಉಡುವವರಿಗೆ ಇದು ಒಳ್ಳೆಯದೇ. ಆದರೆ ಅದರ ಗಾಲಿ ಚಿಕ್ಕದು. ಬೈಕಿನ ಗಾಲಿ ಹದಿನೇಳು, ಹದಿನೆಂಟು ಅಂಗುಲವಿದ್ದರೆ ಸ್ಕೂಟರಿನದು ಹತ್ತು ಅಥವಾ ಹನ್ನೆರಡು. ದೊಡ್ಡ ಗಾಲಿ ದಾಟಿ ಹೋಗುವ ಹೊಂಡದೊಳಗೆ ಚಿಕ್ಕ ಗಾಲಿ ಇಳಿದು ಏಳುತ್ತದೆ. ಕುರ್ಚಿಯಲ್ಲಿ ಕುಳಿತಂತೆ ಕೂರುವುದರಿಂದ ಇಲ್ಲಿಯೂ ಪೆಟ್ಟೆಲ್ಲ ಸೊಂಟಕ್ಕೇ. ನಮ್ಮ ಮಾಸ್ತರರಿಗೆ ಮೊಣಕಾಲು ಸುಧಾರಿಸಿ ಸೊಂಟ ಕೆಟ್ಟದ್ದು ಹೀಗೆ.

ಕೈಬೆರಳು ಜೋಮು ಹಿಡಿದರೆ

"ಗಾಡಿಯ ನಡುಕಕ್ಕೆ ಕೈ ಜೋಮು ಹಿಡಿಯುತ್ತದೆ" ಎಂದು ಬೈಕು ಮಾರುವವರಿದ್ದಾರೆ. ಎಂಜಿನ್ನಿನ ನಡುಕ, ಬಿಗಿಯಾದ ಕ್ಲಚ್, ಮಣಿಕಟ್ಟಿನ ಮೇಲಿನ ಭಾರ ಇವು ಅಂಗೈಗೆ ಹೋಗುವ ನರಗಳನ್ನು ಒತ್ತುವುದು ನಿಜ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮಾದರೆ ಮಣಿಕಟ್ಟಿನ ನಡುವಿನ ನರ, ಕಿರುಬೆರಳು ಮತ್ತು ಉಂಗುರದ ಬೆರಳಿನಲ್ಲಾದರೆ ಅದರ ಪಕ್ಕದ ಇನ್ನೊಂದು ನರ ಒತ್ತಡಕ್ಕೆ ಸಿಕ್ಕಿದೆ ಎಂದು ಊಹಿಸಬಹುದು.

ಆದರೆ ಒಂದು ಮಾತು ನೆನಪಿರಲಿ. ಗಾಡಿ ಬಿಟ್ಟ ಮೇಲೂ, ರಾತ್ರಿ ನಿದ್ದೆಯಲ್ಲೂ ಜೋಮು ಎಬ್ಬಿಸುತ್ತಿದ್ದರೆ, ಅಥವಾ ಎರಡೂ ಪಾದಗಳು ಉರಿಯುತ್ತಿದ್ದರೆ, ಕಾರಣ ಗಾಡಿಯೊಂದೇ ಇರಲಾರದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-೧೨ ಜೀವಸತ್ವದ ಕೊರತೆ ಇವೆಲ್ಲ ಹೀಗೆಯೇ ತಲೆದೋರುತ್ತವೆ. ಮೂರಕ್ಕೂ ರಕ್ತಪರೀಕ್ಷೆ ಇದೆ. ಹೊಸ ಗಾಡಿಯ ಬೆಲೆಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ಹೊಸ ಗಾಡಿಯ ಮೊದಲ ದಿನಗಳು

ಗಾಡಿ ಬದಲಿಸುವುದರಲ್ಲಿ ಇನ್ನೊಂದು ಅಪಾಯವಿದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ಬೈಕನ್ನು ಹತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಸಿದವರಿಗೆ ಅಪಘಾತದಲ್ಲಿ ಗಾಯವಾಗುವ ಸಂಭವ, ಆ ಬೈಕಿಗೆ ಹೊಸಬರಾದವರಿಗಿಂತ ಅರ್ಧದಷ್ಟು ಕಡಿಮೆ ಎಂದು ಕಂಡುಬಂತು. ಎಷ್ಟು ವರ್ಷದ ಅನುಭವ ಎಂಬುದಕ್ಕಿಂತ ಈ ಗಾಡಿಯ ಪರಿಚಯ ಎಷ್ಟು ಎಂಬುದೇ ಮುಖ್ಯವಾಯಿತು.

ಕಾರಣ ಸರಳ. ಗಾಬರಿಯಾದಾಗ ನಾವು ಯೋಚಿಸುವುದಿಲ್ಲ. ಕೈಕಾಲು ಹಳೆಯ ಅಭ್ಯಾಸವನ್ನೇ ಮಾಡುತ್ತವೆ. ಬೈಕಿನಲ್ಲಿ ಎಡಗೈಗೆ ಕ್ಲಚ್, ಸ್ಕೂಟರಿನಲ್ಲಿ ಅದೇ ಜಾಗದಲ್ಲಿ ಬ್ರೇಕು. ಬೈಕಿನವನು ಸ್ಕೂಟರು ಹತ್ತಿ, ದನ ಅಡ್ಡ ಬಂದಾಗ ಎಡಗೈಯನ್ನು ಪೂರ್ತಿ ಹಿಚುಕಿದರೆ ಒದ್ದೆ ರಸ್ತೆಯಲ್ಲಿ ಗಾಲಿ ಜಾರುತ್ತದೆ. ಸ್ಕೂಟರಿನವನು ಬೈಕು ಹತ್ತಿ ಎಡಗೈ ಹಿಚುಕಿದರೆ ಗಾಡಿ ನಿಲ್ಲುವುದೇ ಇಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಬೈಕುಗಳಲ್ಲಿ ಅದು ತಿರುವುಮುರುವು.

ಆದ್ದರಿಂದ ಹೊಸ ಗಾಡಿ ತಂದವರು ಮೊದಲ ಕೆಲವು ವಾರ ಖಾಲಿ ಜಾಗದಲ್ಲಿ ಬ್ರೇಕು ಹಾಕಿ ರೂಢಿ ಮಾಡಿಕೊಳ್ಳಿ. ಆ ದಿನಗಳಲ್ಲಿ ಮಕ್ಕಳನ್ನು ಹಿಂದೆ ಕೂರಿಸಬೇಡಿ, ಅರಬೈಲು ಘಾಟಿಯಂಥ ದಾರಿಗೆ ಹೊರಡಬೇಡಿ. ಹೆಲ್ಮೆಟ್ಟಂತೂ ಯಾವ ಗಾಡಿಗೂ ಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ನೋಡಿದಾಗ, ಅದು ಸಾವಿನ ಸಂಭವವನ್ನು ನೂರಕ್ಕೆ ೪೨ರಷ್ಟು, ತಲೆಗೆ ಪೆಟ್ಟಾಗುವುದನ್ನು ನೂರಕ್ಕೆ ೬೯ರಷ್ಟು ಇಳಿಸುತ್ತದೆಂದು ತಿಳಿದುಬಂತು. ಐ.ಎಸ್.ಐ. ಗುರುತಿರಲಿ, ಗಲ್ಲದ ಪಟ್ಟಿ ಬಿಗಿದಿರಲಿ.

ಮಾರುವ ಮೊದಲು

ಇದ್ದ ಗಾಡಿಯಲ್ಲೇ ಎಷ್ಟೋ ಸುಧಾರಣೆ ಮಾಡಬಹುದು.

ಟಯರಿನ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಹೆಚ್ಚು ತುಂಬಿಸಿದರೆ ಗಾಡಿ ಕುಪ್ಪಳಿಸುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ನಿಮ್ಮ ತೂಕಕ್ಕೆ ತಕ್ಕಂತೆ ಮೆಕ್ಯಾನಿಕ್ಕಿನ ಹತ್ತಿರ ಸರಿಮಾಡಿಸಿ, ಎಣ್ಣೆ ಸೋರುತ್ತಿದ್ದರೆ ಬದಲಿಸಿ. ಕ್ಲಚ್ಚಿನ ತಂತಿಗೆ ಎಣ್ಣೆ ಬಿಡಿಸಿ. ಹ್ಯಾಂಡಲನ್ನು ಮೊಣಕೈ ತುಸು ಮಡಚುವಂತೆ ಹೊಂದಿಸಿಕೊಳ್ಳಿ, ಹಿಡಿಯನ್ನು ಸಡಿಲವಾಗಿ ಹಿಡಿಯಿರಿ. ಹಿಂದಿನ ಕಿಸೆಯಲ್ಲಿ ದಪ್ಪ ಪಾಕೀಟು ಇಟ್ಟು ಕೂರಬೇಡಿ. ಅದು ಸೊಂಟವನ್ನು ಓರೆ ಮಾಡುತ್ತದೆ, ಪೃಷ್ಠದ ನರವನ್ನೂ ಒತ್ತುತ್ತದೆ. ಭಾರದ ಚೀಲವನ್ನು ಬೆನ್ನಿಗೆ ಹಾಕುವ ಬದಲು ಗಾಡಿಗೆ ಕಟ್ಟಿ. ಮುಕ್ಕಾಲು ತಾಸಿಗೊಮ್ಮೆ ಇಳಿದು ಎರಡು ನಿಮಿಷ ನಡೆಯಿರಿ.

ಮೈಯ ಕಡೆಯೂ ನೋಡಬೇಕು. ಹೊಟ್ಟೆ ಬೆಳೆದಷ್ಟೂ ಸೊಂಟಕ್ಕೆ ಹೊರೆ. ಬೀಡಿ ಸಿಗರೇಟು ಸೇದುವವರಲ್ಲಿ ಸೊಂಟನೋವು ಹೆಚ್ಚು. ದಿನಕ್ಕೆ ಅರ್ಧ ತಾಸು ನಡಿಗೆ, ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಬಲಪಡಿಸುವ ನಾಲ್ಕಾರು ವ್ಯಾಯಾಮ, ಯಾವ ಹೊಸ ಗಾಡಿಗಿಂತಲೂ ಹೆಚ್ಚು ಉಪಕಾರಿ. ನಡೆಯಲು ಕಾರವಾರದವರಿಗೆ ಕಡಲ ದಂಡೆಯೇ ಇದೆ.

ಇವುಗಳಿಗೆ ತಡ ಮಾಡಬೇಡಿ

ನೋವು ಸೊಂಟದಿಂದ ಇಳಿದು ಮೊಣಕಾಲಿನ ಕೆಳಕ್ಕೆ ಹೋದರೆ, ಪಾದ ಸೋತಂತಾಗಿ ಚಪ್ಪಲಿ ಕಳಚಿ ಬೀಳುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಜ್ವರ ಅಥವಾ ತೂಕ ಇಳಿಯುವುದು ಜೊತೆಗಿದ್ದರೆ ವೈದ್ಯರಿಗೆ ತೋರಿಸಿ. ತೊಡೆಯ ಸಂದು, ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೆಲವು ತಾಸುಗಳ ತಡವೂ ಶಾಶ್ವತ ಊನಕ್ಕೆ ಕಾರಣವಾದೀತು.

ಮಾಸ್ತರರ ಕಥೆಗೆ ಬರೋಣ. ಹಿಮ್ಮಡಿಯ ಮೇಲೆ ನಡೆಯಿರಿ ಎಂದೆ. ಬಲಪಾದದ ಮುಂಭಾಗ ಮೇಲೇಳಲಿಲ್ಲ. ಹೆಬ್ಬೆರಳಿನ ಹತ್ತಿರ ಸ್ಪರ್ಶವೂ ಮಂದವಾಗಿತ್ತು. ಮುಂದಿನ ಪರೀಕ್ಷೆಯಲ್ಲಿ, ಸರಿದ ಬಿಲ್ಲೆ ನರವನ್ನು ಒತ್ತುತ್ತಿರುವುದು ಖಚಿತವಾಯಿತು. "ಕಾಲು ಜೋಮು ಇತ್ತು ಸರಿ, ಅದು ಗಾಡಿಯದೇ ದೋಷ ಅಂತ ತಿಳಿದಿದ್ದೆ" ಎಂದರು. ಒಂದು ಗಾಡಿ ಮಾರಿ ಇನ್ನೊಂದು ಕೊಳ್ಳುವುದರಲ್ಲಿ ಎರಡು ವರ್ಷ ಹೋಗಿತ್ತು. ತಜ್ಞರ ಸಲಹೆ, ವಿಶ್ರಾಂತಿ, ವ್ಯಾಯಾಮಗಳಿಂದ ನೋವು ಇಳಿಯಿತು, ಶಸ್ತ್ರಚಿಕಿತ್ಸೆ ತಪ್ಪಿತು. ಪಾದದ ಬಲ ಬಹುಪಾಲು ಬಂದಿದೆ, ಪೂರ್ತಿ ಬಂದಿಲ್ಲ. ಈಗ ದೂರಕ್ಕೆ ಬಸ್ಸು, ಊರೊಳಗೆ ಮಾತ್ರ ನೆಟ್ಟಗೆ ಕೂರುವ ಹಗುರ ಬೈಕು.

ಗಾಡಿಯನ್ನು ಬದಲಿಸಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಒಮ್ಮೆ ಮೈಯನ್ನು ತೋರಿಸಿ. ಗಾಡಿಗೆ ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. ಸತ್ತ ನರಕ್ಕೆ ಸಿಗುವುದಿಲ್ಲ.