ಭಂಡಿಗಡಿ ಗದ್ದೆಯ ಬೆಳ್ಳಕ್ಕಿ ಫೋಟೋ ತೆಗೆಯೋದು ಹೇಗೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನೀರುಹಕ್ಕಿ ಶಿಕಾರಿ ಇವತ್ತು ಅಪರಾಧ. ಶಿಕಾರಿಯವರ ತಾಳ್ಮೆ ಮಾತ್ರ ಕ್ಯಾಮೆರಾ ಹಿಡಿದ ನಮಗೂ ಬೇಕು. ಭಂಡಿಗಡಿ ಕಡೆ ನಾಟಿಗೆ ಗದ್ದೆ ಹೂಡುವಾಗ ಟಿಲ್ಲರ್ ಹಿಂದೆ ಹುಳ ಹೆಕ್ಕೋಕೆ ಬೆಳ್ಳಕ್ಕಿಗಳು ಬರ್ತವೆ. ಅವನ್ನ ಅಟ್ಟಿಸಿಕೊಂಡು ಹೋಗೋದು ಬೇಡ. ಗದ್ದೆ ಅಂಚಲ್ಲಿ ಸುಮ್ಮನೆ ಕೂತರೆ ಟಿಲ್ಲರ್ ತಿರುಗಿದಾಗ ಅವೇ ಹತ್ತಿರ ಬರ್ತವೆ.

ನಿಜವಾದ ತಲೆನೋವು ಬಿಳಿ ಬಣ್ಣ. ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನು ಸರಾಸರಿ ಮಾಡಿ ಬೂದು ಮಟ್ಟಕ್ಕೆ ತರೋಕೆ ನೋಡುತ್ತೆ. ಸುತ್ತ ಕಪ್ಪು ಕೆಸರಿದ್ದರೆ ಬೆಳಕು ಜಾಸ್ತಿ ಮಾಡುತ್ತೆ. ಹಕ್ಕಿ ಸುಣ್ಣ ಬಳಿದ ಗೋಡೆ ಥರ ಆಗುತ್ತೆ, ಒಂದು ಗರಿಯೂ ಕಾಣಲ್ಲ. ಆಮೇಲೆ ಎಷ್ಟು ಎಡಿಟ್ ಮಾಡಿದ್ರೂ ಅದು ವಾಪಸ್ ಬರಲ್ಲ. ಅದಕ್ಕೇ ಎಕ್ಸ್‌ಪೋಷರ್ ಅನ್ನು −1ಕ್ಕೆ ಇಳಿಸೋಣ. ಫೋನಲ್ಲಾದ್ರೆ ಹಕ್ಕಿ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಗೆ ಎಳೆದರಾಯ್ತು. ಹಾರೋ ಹಕ್ಕಿಗೆ ಶಟರ್ 1/1600 ಸೆಕೆಂಡ್ ಇರಲಿ. ಮಳೆಗಾಲದ ಮಬ್ಬಲ್ಲಿ ಐಎಸ್ಒ ಏರಿಸಲೇಬೇಕು.

ಗೂಡುಗಳ ಹತ್ತಿರ ಮಾತ್ರ ಹೋಗೋದು ಬೇಡ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ, ತುಂಗೆಯ ನಡುವಿನ ಮರಗಳಲ್ಲಿ, ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಹೆದರಿ ತಾಯಿ ಎದ್ದರೆ ಆ ಗ್ಯಾಪಲ್ಲೇ ಕಾಗೆ ಮೊಟ್ಟೆ ಎತ್ಕೊಂಡು ಹೋಗಬಹುದು. ದಡದಿಂದಲೇ ತೆಗೆಯೋಣ. ಝೂಮ್ ಸಾಲದಿದ್ದರೆ ಹಕ್ಕಿ ಚಿಕ್ಕದಾಗೇ ಇರಲಿ, ಹೊಳೆ, ಮರ ಎಲ್ಲಾ ಫ್ರೇಮಿಗೆ ಬರಲಿ.