ತೇಪೆ ಬಂದಿದೆ, ಹಾಕಿಕೊಂಡಿರಾ?

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಕೈಕೊಟ್ಟಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿಯಾಗಿರುವ ಲಕ್ಷಣ ಕಂಡಿತ್ತು. ಅದು ಉಳಿದ ಕಡೆಗೆ ಹಬ್ಬದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕಡಿದಿತ್ತು. ದಾಳಿ ಎಲ್ಲಿಂದ ಶುರುವಾಯಿತೆಂದು ಬೆಂಗಳೂರಿನ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ಬೆನ್ನುಹತ್ತಿ ಹೋಯಿತು. ಅದರ ವಿಶ್ಲೇಷಣೆಯ ಪ್ರಕಾರ ಮೊದಲ ಬಾಗಿಲು ತೆರೆದುಕೊಂಡದ್ದು ಬ್ಯಾಂಕಿನಲ್ಲಲ್ಲ. ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಒಂದು ಜೆಂಕಿನ್ಸ್ ಸರ್ವರ್‌ನಲ್ಲಿ.

ಆ ಬಾಗಿಲನ್ನು ಮುಚ್ಚುವ ಪ್ಯಾಚ್, ಅಂದರೆ ಸಾಫ್ಟ್‌ವೇರಿನ ತೇಪೆ, ಅದೇ ವರ್ಷದ ಜನವರಿ 24ರಂದೇ ಬಿಡುಗಡೆಯಾಗಿತ್ತು. ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದಿತ್ತು. ಅದು ಬಂದು ಆರು ತಿಂಗಳು ಕಳೆದಿತ್ತು.

ಜೆಂಕಿನ್ಸ್ ಎಂದರೇನು? ಇಂದಿನ ಸಾಫ್ಟ್‌ವೇರ್ ಒಬ್ಬರು ಕೂತು ಬರೆದು ಮುಗಿಸುವಂಥದ್ದಲ್ಲ. ಹತ್ತಾರು ಮಂದಿ ಬರೆದ ಕೋಡ್ ಒಂದೆಡೆ ಸೇರಬೇಕು, ಪ್ರತಿ ಬದಲಾವಣೆಯ ನಂತರ ಪರೀಕ್ಷೆ ನಡೆಯಬೇಕು, ಪಾಸಾದದ್ದು ಬ್ಯಾಂಕಿನ, ಆಸ್ಪತ್ರೆಯ, ಅಂಗಡಿಯ ಸರ್ವರ್‌ಗಳಿಗೆ ಹೋಗಿ ಕೂರಬೇಕು. ಗಿಟ್‌ಲ್ಯಾಬ್, ಗಿಟ್‌ಹಬ್‌ನಂಥ ವೇದಿಕೆಗಳು ಕೋಡ್ ಇಟ್ಟುಕೊಂಡು ಅದರ ಇತಿಹಾಸವನ್ನು ಕಾಯುತ್ತವೆ. ಜಪಾನಿನ ಎಂಜಿನಿಯರ್ ಕೊಹ್ಸುಕೆ ಕವಾಗುಚಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ ಹಡ್ಸನ್ ಎಂಬ ಹೆಸರಿನಲ್ಲಿ ಶುರುಮಾಡಿದ, 2011ರಲ್ಲಿ ಜೆಂಕಿನ್ಸ್ ಎಂದು ಹೆಸರು ಬದಲಿಸಿಕೊಂಡ ಸಾಫ್ಟ್‌ವೇರ್ ಈ ಪರೀಕ್ಷೆ ಮತ್ತು ರವಾನೆಯ ಕೆಲಸವನ್ನು ಯಾರೂ ಗುಂಡಿ ಒತ್ತದೆಯೇ ಮಾಡುತ್ತದೆ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಸೊಂಟದಲ್ಲಿ ಎಲ್ಲ ಕೋಣೆಗಳ ಬೀಗದ ಕೈ ಇರುವಂತೆ, ಈ ಯಂತ್ರದಲ್ಲಿ ಕಂಪನಿಯ ಇತರ ಸರ್ವರ್‌ಗಳ ಪಾಸ್‌ವರ್ಡ್‌ಗಳೂ ಗುಪ್ತ ಕೀಲಿಗಳೂ ಇರುತ್ತವೆ. ಅವಿಲ್ಲದೆ ಅದು ಕೆಲಸ ಮಾಡಲಾರದು. ಕಳ್ಳ ಮೊದಲು ಹುಡುಕುವುದೂ ಇದನ್ನೇ.

ಜೆಂಕಿನ್ಸ್‌ನ ಲೋಪ ಅಡಗಿದ್ದದ್ದು '@' ಎಂಬ ಒಂದು ಚಿಹ್ನೆಯಲ್ಲಿ. ಈ ಸಾಫ್ಟ್‌ವೇರಿಗೆ ದೂರದಿಂದಲೇ ಆದೇಶ ಟೈಪು ಮಾಡಿ ಕಳಿಸುವ ಸೌಲಭ್ಯವಿದೆ. ಬಂದ ಆದೇಶವನ್ನು ಬಿಡಿಸಿ ಓದಲು ಜೆಂಕಿನ್ಸ್ ಬಳಸುವುದು ಆರ್ಗ್ಸ್‌ಫೋರ್‌ಜೆ ಎಂಬ ಪ್ರತ್ಯೇಕ ಕೋಡ್ ಸಂಗ್ರಹವನ್ನು. ಅದರಲ್ಲೊಂದು ಅನುಕೂಲವಿತ್ತು: ಆದೇಶದೊಳಗಿನ ಯಾವುದಾದರೂ ಪದ '@'ನಿಂದ ಶುರುವಾದರೆ, ಮುಂದಿರುವುದನ್ನು ಒಂದು ಫೈಲಿನ ವಿಳಾಸವೆಂದು ತಿಳಿದು, ಆ ಪದದ ಜಾಗದಲ್ಲಿ ಫೈಲಿನ ಒಳಗಿರುವುದನ್ನೆಲ್ಲ ತಂದು ಸುರಿಯುವುದು. ಉದ್ದುದ್ದ ಆದೇಶಗಳನ್ನು ಪ್ರತಿಸಲ ಟೈಪಿಸುವ ಕಷ್ಟ ತಪ್ಪಲೆಂದು ಇಟ್ಟ ಸೌಲಭ್ಯ ಅದು. ತನ್ನದೇ ಕಂಪ್ಯೂಟರಿನಲ್ಲಿ ಕೂತವನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಇಲ್ಲಿ ಆದೇಶ ಕಳಿಸುವವನು ಒಂದು ಕಡೆ, ಫೈಲು ಓದುವ ಸರ್ವರ್ ಇನ್ನೊಂದು ಕಡೆ. ದಾಳಿಕೋರ '@' ಹಾಕಿ ಸರ್ವರ್‌ನಲ್ಲಿರುವ ಒಂದು ಗುಪ್ತ ಫೈಲಿನ ವಿಳಾಸ ಬರೆದು ಕಳಿಸಿದರೆ, ಸರ್ವರ್ ಆ ಫೈಲನ್ನು ತೆರೆದು ಓದುತ್ತಿತ್ತು. ಆಮೇಲೆ, ಇಂಥ ಹೆಸರಿನದು ಇಲ್ಲಿ ಯಾವುದೂ ಇಲ್ಲ ಎಂದು ತಪ್ಪು-ಸಂದೇಶ ಹಿಂದಿರುಗಿಸುವಾಗ, ಓದಿದ ಸಾಲನ್ನೇ ಅದರೊಳಗೆ ಸೇರಿಸಿ ಕಳಿಸುತ್ತಿತ್ತು.

ಓದುವ ಅನುಮತಿ ಇದ್ದವರಿಗೆ ಇಡೀ ಫೈಲು ಸಿಗುತ್ತಿತ್ತು; ಯಾವ ಅನುಮತಿಯೂ ಇಲ್ಲದ ಅಪರಿಚಿತರಿಗೂ ಮೊದಲ ಕೆಲವು ಸಾಲು ಸಿಗುತ್ತಿದ್ದವು. ಆ ಸಾಲುಗಳಲ್ಲೇ ಗುಪ್ತ ಕೀಲಿ ಇದ್ದರೆ ಮುಂದಿನ ದಾರಿ ಸಲೀಸು. ಸೋನಾರ್ ಸಂಸ್ಥೆಯ ಸಂಶೋಧಕರು ಇದನ್ನು ಪತ್ತೆಹಚ್ಚಿ ಜೆಂಕಿನ್ಸ್ ತಂಡಕ್ಕೆ ತಿಳಿಸಿದರು. ದುರಸ್ತಿ ಎಷ್ಟು ಸಣ್ಣದೆಂದರೆ, '@' ಸೌಲಭ್ಯವನ್ನು ಆ ಜಾಗದಲ್ಲಿ ಆರಿಸಿಟ್ಟರು, ಅಷ್ಟೆ. ಸರ್ವರ್‌ಗಳ ಮಾಲೀಕರು ಮಾಡಬೇಕಿದ್ದದ್ದು 2.442 ಅಥವಾ ದೀರ್ಘಾವಧಿ ಬೆಂಬಲದ 2.426.3 ಆವೃತ್ತಿಗೆ ಏರುವುದು. ತಕ್ಷಣ ಏರಲಾಗದವರು ದೂರದ ಆದೇಶಗಳ ಸೌಲಭ್ಯವನ್ನೇ ಮುಚ್ಚಿಡಿ, ಅದಕ್ಕೆ ಜೆಂಕಿನ್ಸನ್ನು ನಿಲ್ಲಿಸಿ ಶುರುಮಾಡುವ ಅಗತ್ಯವೂ ಇಲ್ಲ ಎಂದು ತಂಡ ತಿಳಿಸಿತ್ತು.

ಜೆಂಕಿನ್ಸ್ ಪ್ಯಾಚ್ ಬರುವುದಕ್ಕೆ ಸುಮಾರು ಎರಡು ವಾರ ಮೊದಲು, 2024ರ ಜನವರಿ 11ರಂದು, ಗಿಟ್‌ಲ್ಯಾಬ್ ತನ್ನದೊಂದು ಗಂಡಾಂತರಕ್ಕೆ ಪ್ಯಾಚ್ ಬಿಟ್ಟಿತ್ತು. ಪಾಸ್‌ವರ್ಡ್ ಮರೆತವರು ತಮ್ಮ ಎರಡನೆಯ ಇಮೇಲ್ ವಿಳಾಸದ ಮೂಲಕವೂ ಹೊಸದನ್ನು ಪಡೆಯಲಿ ಎಂದು 2023ರ ಮೇ ತಿಂಗಳಲ್ಲಿ, 16.1 ಆವೃತ್ತಿಗಾಗಿ, ಒಂದು ಬದಲಾವಣೆ ಮಾಡಲಾಗಿತ್ತು. ಅರ್ಜಿಯಲ್ಲಿ ಒಂದು ವಿಳಾಸ ಇರಬೇಕಾದ ಜಾಗದಲ್ಲಿ ಎರಡು ವಿಳಾಸಗಳ ಪಟ್ಟಿ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಆ ಕೋಡ್ ಯೋಚಿಸಿರಲಿಲ್ಲ. ಮೊದಲನೆಯದು ಅಮಾಯಕನ ವಿಳಾಸ, ಎರಡನೆಯದು ದಾಳಿಕೋರನದು. ಪಟ್ಟಿಯಲ್ಲಿರುವ ಮೊದಲನೆಯ ವಿಳಾಸ ನಿಜವಾದ ಖಾತೆಯದೇ ಆದ್ದರಿಂದ ಗಿಟ್‌ಲ್ಯಾಬ್ ಒಪ್ಪುತ್ತಿತ್ತು. ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ಪಟ್ಟಿಯಲ್ಲಿದ್ದ ಇಬ್ಬರಿಗೂ ಕಳಿಸುತ್ತಿತ್ತು. ಖಾತೆಯ ಒಡೆಯ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಯಾವ ಮೋಸಕ್ಕೂ ಬೀಳಬೇಕಿರಲಿಲ್ಲ.

ಲೋಪಗಳ ತೀವ್ರತೆಯನ್ನು ಅಳೆಯಲು ಸೊನ್ನೆಯಿಂದ ಹತ್ತರವರೆಗಿನ ಮಾಪನವಿದೆ. ಗಿಟ್‌ಲ್ಯಾಬ್ ಇದಕ್ಕೆ ಪೂರ್ತಿ 10 ಕೊಟ್ಟಿತು. ಅಂಥ ಹೊತ್ತಿನಲ್ಲೂ ಖಾತೆ ಉಳಿಸಿಕೊಂಡವರು ಎರಡು ಹಂತದ ಪರಿಶೀಲನೆ ಇಟ್ಟುಕೊಂಡಿದ್ದವರು. ದಾಳಿಕೋರ ಅವರ ಪಾಸ್‌ವರ್ಡ್ ಬದಲಿಸಬಹುದಿತ್ತು, ಆದರೆ ಎರಡನೆಯ ಹಂತದ ಸಂಖ್ಯೆ ಇಲ್ಲದೆ ಒಳಗೆ ಹೋಗುವಂತಿರಲಿಲ್ಲ.

ಒಂದು ಒಳ್ಳೆಯ ಪ್ಯಾಚ್ ಹೇಗೆ ತಯಾರಾಗುತ್ತದೆ ಎಂಬುದಕ್ಕೂ ಈ ಪ್ರಕರಣವೇ ಉದಾಹರಣೆ. ಲೋಪ ಕಂಡುಹಿಡಿದವರು ಅದನ್ನು ಊರಿಗೆಲ್ಲ ಸಾರದೆ, ಬಹುಮಾನ ಯೋಜನೆಯ ಮೂಲಕ ಗುಟ್ಟಾಗಿ ಕಂಪನಿಗೆ ತಿಳಿಸಿದರು. ಲೋಪಕ್ಕೆ ಸಿವಿಇ-2023-7028 ಎಂಬ ಸಂಖ್ಯೆ ಬಿತ್ತು. 1999ರಿಂದ ನಡೆದುಬಂದಿರುವ ಈ ಸಂಖ್ಯಾ ಪದ್ಧತಿಯಿಂದಾಗಿ ಬೆಂಗಳೂರಿನವರೂ ಬರ್ಲಿನ್‌ನವರೂ ಒಂದೇ ಲೋಪದ ಬಗ್ಗೆ ಗೊಂದಲವಿಲ್ಲದೆ ಮಾತಾಡಬಹುದು. ಎಲ್ಲರೂ ಇತ್ತೀಚಿನ ಆವೃತ್ತಿಯಲ್ಲೇ ಇರುವುದಿಲ್ಲ. ಹಾಗಾಗಿ 16.7.1ರಲ್ಲಿದ್ದವರಿಗೆ 16.7.2 ಕೊಟ್ಟು ಸುಮ್ಮನಾಗದೆ, ಹಿಂದಿನ ಒಂದೊಂದು ಸರಣಿಗೂ ಬೇರೆ ಬೇರೆ ತೇಪೆ ಹೊಲಿದು, 16.1ರವರೆಗೂ ಹಿಂದೆ ಹೋಗಿ ಕೊಟ್ಟರು. ಗಿಟ್‌ಲ್ಯಾಬ್ ತಾನೇ ನಡೆಸುವ ತಾಣಕ್ಕೆ ಪ್ರಕಟಣೆಗೆ ಮೊದಲೇ ತೇಪೆ ಬಿದ್ದಿತ್ತು. ತಮ್ಮ ಕಚೇರಿಯ ಸರ್ವರ್‌ನಲ್ಲಿ ತಾವೇ ಗಿಟ್‌ಲ್ಯಾಬ್ ನಡೆಸುವವರು ಮಾತ್ರ ಅದನ್ನು ತಾವೇ ಹಾಕಿಕೊಳ್ಳಬೇಕಿತ್ತು.

ಓಟ ಶುರುವಾಗುವುದು ಇಲ್ಲೇ. ಪ್ಯಾಚ್ ಪ್ರಕಟವಾದ ಗಳಿಗೆಯಲ್ಲಿ ಲೋಪದ ಗುಟ್ಟೂ ಬಯಲಾಗುತ್ತದೆ. ಗಿಟ್‌ಲ್ಯಾಬ್ ಲೋಪದ ಪೂರ್ಣ ವಿವರವನ್ನು ಸಾಮಾನ್ಯವಾಗಿ 30 ದಿನ ತಡೆಹಿಡಿಯುತ್ತದೆ, ಸರಿ. ಆದರೆ ಹಳೆಯ ಕೋಡ್ ಮತ್ತು ಹೊಸ ಕೋಡ್ ಎರಡನ್ನೂ ಅಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಗಿದೆ ಎಂದು ನೋಡಬಲ್ಲವರಿಗೆ ಆ ವಿವರ ಬೇಕಿಲ್ಲ. ಬದಲಾದ ಸಾಲೇ ಹಿಂದೆ ಅಲ್ಲೇನು ತಪ್ಪಿತ್ತೆಂದು ಹೇಳಿಬಿಡುತ್ತದೆ. ಜೆಂಕಿನ್ಸ್ ವಿಷಯದಲ್ಲಿ ಕೆಲವೇ ದಿನಗಳಲ್ಲಿ ದಾಳಿಯ ಮಾದರಿ ಕೋಡ್ ಎಲ್ಲರ ಕೈಗೂ ಸಿಗುವಂತಾಯಿತು. ಜನವರಿ 29ರಂದು ಶ್ಯಾಡೋಸರ್ವರ್ ಸಂಸ್ಥೆ ಅಂತರ್ಜಾಲವನ್ನು ಜಾಲಾಡಿದಾಗ ತೇಪೆ ಹಾಕದ ಸುಮಾರು 45,000 ಜೆಂಕಿನ್ಸ್ ಸರ್ವರ್‌ಗಳು ಕಂಡವು. ಗಿಟ್‌ಲ್ಯಾಬ್ ಪ್ಯಾಚ್ ಬಂದ ಹನ್ನೆರಡು ದಿನಗಳ ಮೇಲೂ ಅಂಥ 5,300ಕ್ಕೂ ಹೆಚ್ಚು ಸರ್ವರ್‌ಗಳನ್ನು ಅದೇ ಸಂಸ್ಥೆ ಎಣಿಸಿತ್ತು.

ಈ ಓಟದಲ್ಲಿ ಹಿಂದೆ ಬಿದ್ದರೆ ಏನಾಗುತ್ತದೆಂದು 2021 ತೋರಿಸಿಕೊಟ್ಟಿದೆ. ಗಿಟ್‌ಲ್ಯಾಬ್‌ಗೆ ಫೋಟೋ ಏರಿಸಿದಾಗ, ಅದರೊಳಗೆ ಹುದುಗಿರುವ ಸ್ಥಳ ಮತ್ತು ಸಮಯದ ಮಾಹಿತಿ ಅಳಿಸಿಹೋಗಲೆಂದು ಅದನ್ನು ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರಿಗೆ ಕೊಡಲಾಗುತ್ತಿತ್ತು. ಬಳಕೆದಾರರ ಖಾಸಗಿತನ ಕಾಯುವ ಕ್ರಮ ಅದು. ಎಕ್ಸಿಫ್‌ಟೂಲ್ ಫೈಲಿನ ಹೆಸರನ್ನು ನಂಬದೆ ಒಳಗಿರುವುದನ್ನು ನೋಡಿ ಅದು ಯಾವ ಬಗೆಯದೆಂದು ತೀರ್ಮಾನಿಸುತ್ತಿತ್ತು. ಹೊರಗೆ ಜೆಪಿಜಿ ಎಂಬ ಹೆಸರು, ಒಳಗೆ ಡೆಜಾವು ಎಂಬ ಬೇರೆಯೇ ಬಗೆಯ ಫೈಲು ಇಟ್ಟರೆ, ಆ ಬಗೆಯನ್ನು ಓದುವ ಭಾಗದಲ್ಲಿದ್ದ ಲೋಪದಿಂದ ಫೈಲಿನೊಳಗಿನ ಬರಹ ಆದೇಶವಾಗಿ ಚಲಾವಣೆಯಾಗುತ್ತಿತ್ತು. ಅಂದರೆ ಒಂದು ಚಿತ್ರ ಏರಿಸಿ ಇಡೀ ಸರ್ವರ್ ವಶಪಡಿಸಿಕೊಳ್ಳಬಹುದಿತ್ತು. ಏಪ್ರಿಲ್ 14ರಂದು ಪ್ಯಾಚ್ ಬಂತು. ನವೆಂಬರ್ 1ರಂದು ರ‍್ಯಾಪಿಡ್7 ಸಂಸ್ಥೆ ಅಂತರ್ಜಾಲಕ್ಕೆ ತೆರೆದಿದ್ದ ಸುಮಾರು 60,000 ಗಿಟ್‌ಲ್ಯಾಬ್ ಸರ್ವರ್‌ಗಳನ್ನು ಪರಿಶೀಲಿಸಿದಾಗ ಅರ್ಧದಷ್ಟಕ್ಕೆ ತೇಪೆ ಬಿದ್ದಿರಲಿಲ್ಲ. ಅದೇ ವಾರ, ವಶವಾದ ಸಾವಿರಾರು ಗಿಟ್‌ಲ್ಯಾಬ್ ಸರ್ವರ್‌ಗಳು ಸೆಕೆಂಡಿಗೆ 1 ಟೆರಾಬಿಟ್‌ಗೂ ಮೀರಿದ ದಟ್ಟಣೆ ಹರಿಸಿ ಇತರರ ಮೇಲೆ ದಾಳಿ ಮಾಡುತ್ತಿವೆ ಎಂದು ಗೂಗಲ್‌ನ ಎಂಜಿನಿಯರ್ ಒಬ್ಬರು ತಿಳಿಸಿದರು. ತೇಪೆ ಹಾಕದವರ ಯಂತ್ರ ತಾನು ಹಾಳಾದದ್ದಲ್ಲದೆ ಬೇರೆಯವರನ್ನೂ ಬಡಿಯಿತು.

ಹಾಗಾದರೆ ಜನ ಯಾಕೆ ತಡಮಾಡುತ್ತಾರೆ? ಅದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಜೆಂಕಿನ್ಸ್‌ಗೆ 1,800ಕ್ಕೂ ಹೆಚ್ಚು ಪ್ಲಗಿನ್‌ಗಳು, ಅಂದರೆ ಹೆಚ್ಚುವರಿ ಸೌಲಭ್ಯ ಜೋಡಿಸುವ ಕಿರು ಸಾಫ್ಟ್‌ವೇರ್‌ಗಳು, ಇವೆ. ಮೂಲ ಸಾಫ್ಟ್‌ವೇರ್ ಮೇಲೇರಿಸಿದರೆ ಯಾವ ಪ್ಲಗಿನ್ ಮುನಿಸಿಕೊಳ್ಳುತ್ತದೋ ಎಂಬ ಭಯ ನಿಜವಾದದ್ದೇ. ಗಿಟ್‌ಲ್ಯಾಬ್‌ನ ತೀರಾ ಹಳೆಯ ಆವೃತ್ತಿಯಿಂದ ಇಂದಿನದಕ್ಕೆ ಒಂದೇ ಜಿಗಿತದಲ್ಲಿ ಬರಲಾಗುವುದಿಲ್ಲ. ನಡುವಿನ ಗೊತ್ತಾದ ಆವೃತ್ತಿಗಳಲ್ಲಿ ನಿಂತು, ಅಲ್ಲಲ್ಲಿ ದತ್ತಾಂಶ ಕೋಶ ಹೊಸ ರೂಪಕ್ಕೆ ಬದಲಾಗುವುದನ್ನು ಕಾದು, ಮುಂದಕ್ಕೆ ಬರಬೇಕು. ತಿಂಗಳು ತಿಂಗಳು ಹತ್ತುತ್ತ ಬಂದವರಿಗೆ ಹತ್ತು ನಿಮಿಷದ ಕೆಲಸವಾಗುವುದು, ವರ್ಷಗಟ್ಟಲೆ ಬಿಟ್ಟವರಿಗೆ ವಾರಾಂತ್ಯವಿಡೀ ನುಂಗುವ ಕೆಲಸವಾಗುತ್ತದೆ. ಅದು ದೊಡ್ಡದಾದಷ್ಟೂ ಮುಂದೂಡಿಕೆ ಹೆಚ್ಚುತ್ತದೆ, ಮುಂದೂಡಿದಷ್ಟೂ ಅದು ಇನ್ನಷ್ಟು ದೊಡ್ಡದಾಗುತ್ತದೆ. ಇದರ ನಡುವೆ 'ನಡೀತಿದೆಯಲ್ಲ, ಯಾಕೆ ಮುಟ್ಟೋದು?' ಎನ್ನುವ ಮೇಲಿನವರ ಮಾತು ಬೇರೆ. ತೇಪೆ ಹಾಕಿದ ರಾತ್ರಿ ಏನೂ ಕೆಡದಿದ್ದರೆ ಹಾಕಿದವರನ್ನು ಯಾರೂ ಹೊಗಳುವುದಿಲ್ಲ. ಅರ್ಧ ಗಂಟೆ ಸೇವೆ ನಿಂತರೆ ಎಲ್ಲರೂ ಬೈಯುತ್ತಾರೆ. ಹೊಸದು ಕಟ್ಟುವವರಿಗೆ ಸಿಗುವ ಮರ್ಯಾದೆಯ ಕಾಲು ಭಾಗವೂ ಇದ್ದದ್ದನ್ನು ಕಾಯುವವರಿಗೆ ಸಿಗದ ತನಕ ಈ ಅಂಕಿಗಳು ಬದಲಾಗುವುದಿಲ್ಲ.

ಇನ್ನೊಂದು ಮಾತು ನೆನಪಿಡಬೇಕು. ಪ್ಯಾಚ್ ಬಾಗಿಲು ಮುಚ್ಚುತ್ತದೆ, ಅದಕ್ಕೆ ಮೊದಲೇ ಒಳಹೊಕ್ಕವನನ್ನು ಹೊರಗಟ್ಟುವುದಿಲ್ಲ. ಅದಕ್ಕೇ ಗಿಟ್‌ಲ್ಯಾಬ್ ತೇಪೆಯ ಜೊತೆಗೆ ಲಾಗ್ ನೋಡುವ ಬಗೆಯನ್ನೂ ಹೇಳಿತ್ತು. ಪಾಸ್‌ವರ್ಡ್ ಬದಲಿಸುವ ಕೋರಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಇಮೇಲ್ ವಿಳಾಸ ಇದ್ದರೆ ಯಾರೋ ಪ್ರಯತ್ನಿಸಿದ್ದಾರೆಂದು ಅರ್ಥ. ಅಂಥ ಸುಳಿವು ಸಿಕ್ಕವರು ಆ ಸರ್ವರ್‌ನಲ್ಲಿದ್ದ ಪ್ರತಿ ಗುಪ್ತ ಕೀಲಿಯನ್ನೂ ಬದಲಿಸಬೇಕು.

ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ, ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ ಲೋಪಗಳ ಪಟ್ಟಿಯನ್ನು ಇಟ್ಟಿದೆ. ಪಟ್ಟಿಗೆ ಸೇರಿದ ಲೋಪವನ್ನು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳು ಗೊತ್ತಾದ ದಿನಾಂಕದೊಳಗೆ ಮುಚ್ಚಲೇಬೇಕು. ಗಿಟ್‌ಲ್ಯಾಬ್‌ನ ಲೋಪಕ್ಕೂ ಜೆಂಕಿನ್ಸ್‌ನದಕ್ಕೂ ಮೂರು ಮೂರು ವಾರ ಕೊಟ್ಟಿದ್ದರು. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆಗಳನ್ನು ಹೊರಡಿಸುತ್ತದೆ; ಅವಘಡವಾದರೆ ಆರು ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮವೂ 2022ರಿಂದ ಇದೆ. ಆದರೆ ಅವಘಡದ ವರದಿ ಕೆಟ್ಟ ಮೇಲಿನ ಮಾತು. ಕೆಡುವ ಮೊದಲು ಆಗಬೇಕಾದ ಕೆಲಸಕ್ಕೂ ಒಂದು ಗಡುವು ಇರಬೇಕು.

ಆ ಗಡುವನ್ನು ಸರ್ಕಾರ ವಿಧಿಸುವವರೆಗೂ ಕಾಯಬೇಕಿಲ್ಲ. ನೀವು ಸಹಕಾರಿ ಸಂಘದ ನಿರ್ದೇಶಕರಾಗಿರಬಹುದು, ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರಾಗಿರಬಹುದು, ಹತ್ತು ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿರಬಹುದು. ಮುಂದಿನ ಸಭೆಯಲ್ಲಿ ಎರಡು ದಿನಾಂಕ ಕೇಳಿ: ಕೊನೆಯ ಪ್ಯಾಚ್ ಬಿಡುಗಡೆಯಾದದ್ದು ಯಾವತ್ತು, ನಮ್ಮ ಸರ್ವರ್‌ಗೆ ಬಿದ್ದದ್ದು ಯಾವತ್ತು? ಎರಡರ ನಡುವೆ ತಿಂಗಳುಗಳಿದ್ದರೆ ತಂತ್ರಜ್ಞರನ್ನು ಗದರಬೇಡಿ. ಸೇವೆ ನಿಲ್ಲಿಸಿ ತೇಪೆ ಹಾಕಲು ಅವರಿಗೆ ತಿಂಗಳಿಗೊಂದು ರಾತ್ರಿ ಬಿಟ್ಟುಕೊಡಿ, ಮೊದಲು ಪರೀಕ್ಷಿಸಿ ನೋಡಲು ಇನ್ನೊಂದು ಯಂತ್ರ ಕೊಡಿಸಿ. ಆಮೇಲೆ ಆ ಅಂತರ ದಿನಗಳಿಗೆ ಇಳಿಯುವವರೆಗೂ ಪ್ರತಿ ಸಭೆಯಲ್ಲಿ ಅದೇ ಪ್ರಶ್ನೆ ಕೇಳುತ್ತಿರಿ.